ಪರದೆಯ ಮೇಲಿನ ನಗರ

ಶಿಷ್ಯನೊಬ್ಬ ಗುರುವಿನ ಮುಂದೆ ಒಂದು ಹಾಳೆಯನ್ನಿಟ್ಟು ಕೇಳಿದ: “ಗುರುಗಳೇ, ನಾನು ಮಠಕ್ಕೆ ಬಂದ ಕತೆಯನ್ನು ಬರೆದಿದ್ದೇನೆ. ‘ಒಬ್ಬನೇ ನಡೆದು ಬಂದೆ’ ಎಂದು ಶುರುವಾಗುತ್ತದೆ. ಬೇಡವಾದದ್ದನ್ನೆಲ್ಲ ತೆಗೆದ ಮೇಲೆ ಓದಲು ಚೆನ್ನಾಗಿದೆ. ಆಗಿಹೋದದ್ದನ್ನು ಹೀಗೆ ಕೊಂಚ ತಿದ್ದಿಕೊಂಡರೆ ತಪ್ಪೇ?”

ಗುರು ಹಾಳೆಯನ್ನು ಓದಿದರು. ಮಡಿಚಿ ಪಕ್ಕಕ್ಕಿಟ್ಟು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸು ಫೋಟೋ ಸ್ಟುಡಿಯೋ ಇಟ್ಟಿದ್ದಳು. ಯಾರೂ ಕಲಿಸಿದ್ದಲ್ಲ, ನೋಡಿ ನೋಡಿ ಕಲಿತ ವಿದ್ಯೆ. ಊರಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಅವಳ ಬಳಿಗೆ ಬರುತ್ತಿದ್ದರು. ಯಾವುದೋ ಮದುವೆಯ ಗುಂಪಿನಲ್ಲಿ, ಹಿಂದಿನ ಸಾಲಿನಲ್ಲಿ, ಕಡಲೆಕಾಳಿನಷ್ಟು ಕಾಣುವ ಮುಖವನ್ನು ತೋರಿಸಿ, “ಇವರೇ ಕಣಮ್ಮ” ಎನ್ನುತ್ತಿದ್ದರು. ಅವಳು ಆ ಮುಖವನ್ನು ಕಂಪ್ಯೂಟರಿನಲ್ಲಿ ಗುಂಪಿನಿಂದ ಬಿಡಿಸಿ, ದೊಡ್ಡದು ಮಾಡಿ, ಕೋಟು ತೊಡಿಸಿ, ಮುಚ್ಚಿದ ಕಣ್ಣಿದ್ದರೆ ತೆರೆಸಿ, ಹನ್ನೊಂದನೆಯ ದಿನದೊಳಗೆ ಚೌಕಟ್ಟು ಹಾಕಿಸಿ ಕೊಡುತ್ತಿದ್ದಳು. ಅವಳ ಕೈಗೆ ಬಂದರೆ ಸತ್ತವರೂ ಕಣ್ಣು ಬಿಡುತ್ತಾರೆ ಎಂದು ಊರು ಹೇಳುತ್ತಿತ್ತು. ಆ ಮಾತು ಅವಳಿಗೆ ರುಚಿಸುತ್ತಿತ್ತು.

ತಿದ್ದಿದ್ದನ್ನು ಅವಳು ಮೂಲ ಫೋಟೋದ ಮೇಲೆಯೇ ಉಳಿಸುತ್ತಿದ್ದಳು; ಮೂಲ ಅಳಿದುಹೋಗುತ್ತಿತ್ತು. ಹಳೆಯದನ್ನು ಬೇರೆ ಇಟ್ಟುಕೊಳ್ಳುವುದು ತಮ್ಮ ಕೈಯನ್ನು ತಾವೇ ನಂಬದವರ ಕೆಲಸ ಎಂಬುದು ಅವಳ ಹಟ.

ಗಂಡ ದೀಪ ಹಿಡಿಯುತ್ತಿದ್ದ. ಊರೆಲ್ಲ ಬೆಳಕಿನಲ್ಲಿ ನಿಂತಾಗ ಅವನು ದೀಪದ ಹಿಂದಿರುತ್ತಿದ್ದ.

ಒಮ್ಮೆ ಇಬ್ಬರೂ ಕಡಲಾಚೆಯ ಒಂದು ಹೊಸ ನಗರವನ್ನು ನೋಡಲು ಹೋದರು. ನೀರಿನ ದಡದಲ್ಲಿ ಮುಗಿಲು ಮುಟ್ಟುವ ಗಾಜಿನ ಕಟ್ಟಡಗಳು ಸಾಲಾಗಿ ನಿಂತಿದ್ದವು. ಅವಳು ಕ್ಯಾಮೆರಾ ಎತ್ತಿದಳು. ಗಂಡ ಕಂಬಿಗೆ ಒರಗಿ ಅವಳತ್ತ ನೋಡುತ್ತಿದ್ದ.

“ಸ್ವಲ್ಪ ಆ ಕಡೆ ಸರೀರಿ. ಕಟ್ಟಡ ಪೂರ್ತಿ ಬರಬೇಕು.”

“ಇಷ್ಟು ದೊಡ್ಡ ಊರಿಗೆ ನಾನೊಬ್ಬ ಅಡ್ಡ ಬಂದೆನೇನೇ?” ಎಂದು ಅವನು ನಕ್ಕ. ಸರಿಯಲಿಲ್ಲ. ಫೋಟೋದಲ್ಲಿ ಆ ನಗುವೂ ಬಿತ್ತು.

ಕೆಲವು ವರ್ಷಗಳಾದ ಮೇಲೆ ಸ್ಟುಡಿಯೋದಲ್ಲಿ ಗಿರಾಕಿಗಳ ಬೆನ್ನ ಹಿಂದೆ ತೂಗುಹಾಕಲು ಹೊಸ ಪರದೆ ಬೇಕಾಯಿತು. ಅವಳು ಆ ಫೋಟೋವನ್ನು ತೆರೆದಳು. ಆಕಾಶದ ಮಂಕು ತೆಗೆದಳು. ಕಂಬಿ ಅಳಿಸಿದಳು. ಪಕ್ಕದ ಕಟ್ಟಡದಿಂದ ಒಂದೊಂದೇ ಕಿಟಕಿಯನ್ನು ತಂದು ಗಂಡನ ಮೇಲೆ ಕೂರಿಸಿದಳು. ಮೊದಲು ಅಂಗಿ ಹೋಯಿತು, ಆಮೇಲೆ ಮುಖ. ತಂದ ಕಿಟಕಿ ಎಂದು ಗುರುತು ಸಿಗದಂತೆ ಒಂದಕ್ಕೆ ಬೆಳಕು ಹೆಚ್ಚಿಸಿದಳು, ಇನ್ನೊಂದಕ್ಕೆ ಇಳಿಸಿದಳು. ಎರಡು ದಿನದ ಕೆಲಸ. ಗೋಡೆಯಷ್ಟು ದೊಡ್ಡದಾಗಿ ಅಚ್ಚು ಹಾಕಿಸಿ ತೂಗುಹಾಕಿದಳು.

ಗಂಡ ಪರದೆಯ ಮುಂದೆ ತುಸು ಹೊತ್ತು ನಿಂತ. “ನಾನು ಇಲ್ಲೇ ಎಲ್ಲೋ ಇದ್ದೆನಲ್ಲ?”

“ಅದು ಗಿರಾಕಿ ನಿಲ್ಲೋ ಜಾಗ. ಅಲ್ಲಿ ನೀವೇ ನಿಂತರೆ ಅವರೆಲ್ಲಿ ನಿಲ್ಲಬೇಕು?”

ಅವನು ಹೋಗಿ ದೀಪ ಹಾಕಿದ. ಅಂದಿನಿಂದ ಊರಿನವರೆಲ್ಲ ಆ ನಗರದ ಮುಂದೆ ನಿಂತರು.

ಗಂಡ ತೀರಿಕೊಂಡ. ನಾದಿನಿ ಬಂದು, “ಊರವರಿಗೆಲ್ಲ ಮಾಡಿಕೊಟ್ಟವಳು ನೀನು, ಅತ್ತಿಗೆ. ನಮ್ಮಣ್ಣನದೂ ಒಂದು ಮಾಡು” ಎಂದಳು. ಮದುವೆಯ ಫೋಟೋದಲ್ಲಿ ಅವನ ಮುಖವನ್ನು ಬಾಸಿಂಗ ಮುಚ್ಚಿತ್ತು. ಗುರುತಿನ ಚೀಟಿಯಲ್ಲಿದ್ದವನು ಯಾರೋ ಸಿಕ್ಕಿಬಿದ್ದ ಕಳ್ಳನಂತಿದ್ದ. ಅವನು ಅವನಾಗಿ ಇದ್ದುದು ಒಂದೇ ಕಡೆ.

ಅವಳು ನಗರವನ್ನು ತೆರೆದಳು. ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು. ತಾನು ತಂದಿಟ್ಟ ಕಿಟಕಿ ಯಾವುದೆಂದು ಹುಡುಕಿದಳು. ಅದು ಸಿಕ್ಕರೆ ಅವನು ನಿಂತ ಜಾಗವಾದರೂ ತಿಳಿಯುತ್ತಿತ್ತು. ಎಲ್ಲ ಕಿಟಕಿಗಳೂ ಒಂದೇ ಸಮ ನಿಜವಾಗಿದ್ದವು. ಒಂದನ್ನು ಅಳಿಸಿ ನೋಡಿದಳು. ಅದರ ಹಿಂದೆ ಏನೂ ಇರಲಿಲ್ಲ. ಹತ್ತು ಅಳಿಸಿದಳು. ನೂರು ಅಳಿಸಿದಳು. ಕಟ್ಟಡಗಳು ಕುರುಡಾದವು, ಗಂಡ ಬರಲಿಲ್ಲ. ಕೈ ಎಲ್ಲಿಯೂ ತಪ್ಪಿರಲಿಲ್ಲ. ಒಂದು ಕಡೆ ತಪ್ಪಿದ್ದರೆ ಸಾಕಿತ್ತು.

ಹನ್ನೊಂದನೆಯ ದಿನ ನಾದಿನಿ ಹಾರ ತಂದಳು. ಹಾಕಲು ಫೋಟೋ ಇರಲಿಲ್ಲ. ಗೋಡೆಯ ಬರಿ ಮೊಳೆಗೆ ಹಾರ ಹಾಕಿ ಕೈಮುಗಿದರು.

ಸ್ಟುಡಿಯೋ ಇಂದಿಗೂ ನಡೆಯುತ್ತಿದೆ. ಪರದೆ ಅದೇ. ಗಿರಾಕಿ ಬಂದು ನಿಂತೊಡನೆ ಅವಳು, “ಸ್ವಲ್ಪ ಆ ಕಡೆ ಸರೀರಿ” ಎನ್ನುತ್ತಾಳೆ. ಗಂಡನ ಜಾಗವನ್ನಾದರೂ ಬಿಡಿಸಿಕೊಡಬೇಕೆಂದು ಅವಳಿಗೆ. ಆ ಜಾಗ ಯಾವುದೆಂದು ಗೊತ್ತಿಲ್ಲದ್ದರಿಂದ ಒಬ್ಬರನ್ನು ಎಡಕ್ಕೆ ಸರಿಸುತ್ತಾಳೆ, ಇನ್ನೊಬ್ಬರನ್ನು ಬಲಕ್ಕೆ.

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ: “ಆಮೇಲಾದರೂ ಅವನು ನಿಂತ ಜಾಗ ಸಿಕ್ಕಿತೇ, ಗುರುಗಳೇ?”

ಗುರು ಹಾಳೆಯನ್ನು ಅವನ ಕೈಗೆ ಮರಳಿಸಿ ಹೇಳಿದರು:

“ನೀನು ಬಂದ ದಿನ ನಿನ್ನ ತಾಯಿ ನಿನ್ನ ಗಂಟನ್ನು ತಲೆಯ ಮೇಲೆ ಹೊತ್ತು ಈ ಬಾಗಿಲವರೆಗೆ ಬಂದಿದ್ದಳಲ್ಲ, ಅವಳು ಎಲ್ಲಿ ನಿಂತಿದ್ದಳು ಎಂಬುದು ನಿನಗೆ ನೆನಪಿದೆಯೇ?”