ಕಾಳು ಬಿಡುವ ಕೈ

ಎರೆಹಾಳದ ಮಠಕ್ಕೆ ಗೋಪುರವಿರಲಿಲ್ಲ. ಮೇಲೆ ತಗಡು, ಕೆಳಗೆ ಸಗಣಿ ಸಾರಿಸಿದ ನೆಲ. ಆ ನೆಲದ ಮೇಲೆ ಪೂಜ್ಯ ಕರಿಬಸವಜ್ಜನವರು ಹಿಂಗಾರಿ ಬಿತ್ತನೆಯ ಜೋಳ ಹರಡಿಕೊಂಡು, ಹುಳ ತಿಂದ ಕಾಳನ್ನು ಆರಿಸಿ ಬದಿಗಿಡುತ್ತಿದ್ದರು. ಅಜ್ಜನವರ ಹೆಸರಿನಲ್ಲಿ ಪವಾಡಗಳು ಚಾಲ್ತಿಯಲ್ಲಿಲ್ಲ. ಅವರನ್ನು ಬಲ್ಲವರು ಹೇಳುವುದು ಇಷ್ಟೆ: ಅವರು ಕಡಿಮೆ ಮಾತಾಡುತ್ತಿದ್ದರು, ಆಡಿದ ಮೇಲೆ ಉಳಿದವರಿಗೆ ಮಾತು ಉಳಿಯುತ್ತಿರಲಿಲ್ಲ.

ಪ್ರೊಫೆಸರ್ ರುದ್ರಗೌಡ ಸಂಶಿಯವರು ಅಲ್ಲಿಗೆ ಬಂದದ್ದು ದರ್ಶನಕ್ಕಲ್ಲ. ನಿಘಂಟಿನ ಕೆಲಸದಲ್ಲಿ ಇಪ್ಪತ್ತು ವರ್ಷ ಸವೆಸಿದ್ದ ಅವರನ್ನು ಊರಿನ ಪಂಚರು ಒಂದು ಪದದ ಅರ್ಥ ಕೇಳಲು ಕರೆಸಿದ್ದರು. ಮಠದ ಆರು ಎಕರೆ ಕಪ್ಪು ಎರೆ ಹೊಲವನ್ನು ಹಿಂದಿನ ಗುರುಗಳು ಒಂದು ಮನೆತನಕ್ಕೆ ಒಪ್ಪಿಸುವಾಗ, 'ಒಕ್ಕಲುತನ ಮಾಡುವವರ ಕೈಯಲ್ಲೇ ಈ ಹೊಲ ಇರತಕ್ಕದ್ದು' ಎಂದು ಬರೆಸಿದ್ದರು. ಆ ಮನೆತನದಲ್ಲಿ ಈಗ ಉಳಿದವರು ಇಬ್ಬರೇ: ಗಂಡನನ್ನು ಕಳೆದುಕೊಂಡ ಫಕ್ಕೀರವ್ವ, ಅವಳ ಮೈದುನ ಯಮನಪ್ಪ. ಹೊಲ ತನ್ನೊಬ್ಬನದೇ ಎಂದು ಯಮನಪ್ಪ ಹಟ ಹಿಡಿದಿದ್ದ. ಒಕ್ಕಲುತನ ಅಂದರೇನೆಂದು ಓದಿದವರೇ ಹೇಳಲಿ ಎಂದು ಪಂಚರು ಕೈತೊಳೆದುಕೊಂಡಿದ್ದರು.

"ಎತ್ತು ನನ್ನವು, ಬಿತ್ತೂ ಕೂರಿಗಿ ಹೂಡಾಂವ ನಾನು," ಎಂದ ಯಮನಪ್ಪ. "ಈಕಿ ಉಡಿಯಾಗ ಬೀಜ ಕಟಗೊಂಡು ಹಿಂದ ಹಿಂದ ನಡೀತಾಳ, ಕೂರಿಗಿ ಬಟ್ಟಲಕ್ಕ ಕಾಳು ಬಿಡ್ತಾಳ. ಹಿಂದ ನಡಿಯೂದು ಒಕ್ಕಲುತನ ಆದ್ರ, ನಮ್ಮ ನಾಯೀನೂ ದೊಡ್ಡ ಒಕ್ಕಲಿಗನ!"

"ಒಂದು ವರ್ಷ ಆ ನಾಯೀ ಕೈಲೆ ಬಿತ್ತಸು ಮೈದುನಾ, ನೋಡೋಣು," ಎಂದಳು ಫಕ್ಕೀರವ್ವ. "ಹೊಲ ಮಾತ್ರ ನಾ ಬಿಡಾಂಗಿಲ್ಲ."

ಸಂಶಿಯವರು ಬರೆದು ತಂದಿದ್ದ ಅಭಿಪ್ರಾಯವನ್ನು ಓದಿದರು. ಕೃಷಿ, ಬೇಸಾಯ, ಆರಂಭ, ಕಮ್ಮತ, ಒಕ್ಕಲುತನ: ಪ್ರತಿಯೊಂದಕ್ಕೂ ಶಾಸನದಿಂದ ಒಂದು, ಗಾದೆಯಿಂದ ಒಂದು ಪ್ರಯೋಗ. ಎಲ್ಲದರ ನಡುವೆ ಇರುವುದು ಉಳುಮೆಯೇ. ನೇಗಿಲು, ಕೂರಿಗೆ ಹಿಡಿದವನೇ ಒಕ್ಕಲಿಗ, ಮಿಕ್ಕವರದು ನೆರವು. ಆರು ಪುಟ, ಕೆಳಗೆ ಸಹಿ. ಯಮನಪ್ಪ ಮೀಸೆ ತೀಡಿಕೊಂಡ. ಫಕ್ಕೀರವ್ವ ಕಂಬ ಹಿಡಿದು ನಿಂತಳು, ಆದರೆ ತಲೆ ತಗ್ಗಿಸಲಿಲ್ಲ.

ಅಜ್ಜನವರು ಬೀಜವನ್ನು ಚೀಲಕ್ಕೆ ತುಂಬಿ ಮೇಲೆದ್ದರು.

"ಇವತ್ತ ಬಿತ್ತಿಗಿ. ಮೊದಲ ನಾಕು ಸುತ್ತು ಸಾಹೇಬ್ರು ಕಾಳು ಬಿಡ್ಲಿ. ಉಳಿದದ್ದು ಫಕ್ಕೀರವ್ವ. ತೀರ್ಪು ಒಂಬತ್ತನೇ ದಿನಕ್ಕ."

ಹಳ್ಳಿಯ ನಾಟಕ ಎಂದುಕೊಂಡರು ಸಂಶಿಯವರು. ಒಲ್ಲೆನೆಂದರೆ ಹೆದರಿದಂತಾಗುತ್ತದೆ. ಟವೆಲಿನಲ್ಲಿ ಉಡಿ ಕಟ್ಟಿಕೊಂಡು ಹೊಲಕ್ಕಿಳಿದರು. ಯಮನಪ್ಪ ಎತ್ತು ಹೊಡೆದ. ಬಟ್ಟಲಿಗೆ ಬಿಟ್ಟ ಕಾಳು ಕೂರಿಗೆಯ ಕೊಳವೆಗಳಲ್ಲಿಳಿದು ಸಾಲಿಗೆ ಬೀಳಬೇಕು.

"ಮುಷ್ಟಿ ಅಷ್ಟು ಬಿಗಿ ಹಿಡೀಬ್ಯಾಡ್ರಿ ಸಾಹೇಬ್ರ, ಹೆಬ್ಬೆರಳು..." ಎಂದು ಫಕ್ಕೀರವ್ವ ತಡೆಯಲಾರದೆ ಶುರುಮಾಡಿದಳು. ಅಜ್ಜನವರು ಕೈಯೆತ್ತಿ ಅವಳನ್ನು ಸುಮ್ಮನಿರಿಸಿದರು.

ಕೆಲಸದಲ್ಲಿ ಏನೂ ಇರಲಿಲ್ಲ. ನಡೆಯುವುದು, ಬಟ್ಟಲಿಗೆ ಕಾಳು ಬಿಡುವುದು. ಮೂರನೆಯ ಸುತ್ತಿನಲ್ಲಿ ಸಂಶಿಯವರು ಕೃಷಿ ಶಬ್ದದ ಮೂಲವನ್ನು ಯಮನಪ್ಪನಿಗೆ ವಿವರಿಸುವಷ್ಟು ನಿರಾಳವಾಗಿದ್ದರು.

"ಇಷ್ಟೇನಾ?" ಎಂದರು ಕೊನೆಗೆ.

"ನಾ ಹೇಳಲಿಲ್ಲೇನ್ರಿ?" ಎಂದ ಯಮನಪ್ಪ.

ಉಳಿದ ಹೊಲವನ್ನು ಫಕ್ಕೀರವ್ವ ಬಿತ್ತಿದಳು. ಸಂಜೆಯವರೆಗೆ ಒಂದು ಮಾತೂ ಆಡಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಪಂಚರ ಜತೆ ಎಲ್ಲರೂ ಬದುವಿನ ಮೇಲೆ ನಿಂತರು. ಜೋಳ ಎರಡೆಲೆ ಒಡೆದಿತ್ತು. ಫಕ್ಕೀರವ್ವನ ಸಾಲುಗಳು ಈ ಬದುವಿನಿಂದ ಆ ಬದುವಿನವರೆಗೆ ಬಾಚಿದ ತಲೆಯಂತಿದ್ದವು. ಮೊದಲ ನಾಲ್ಕು ಸುತ್ತುಗಳನ್ನು ಯಾರೂ ತೋರಿಸಬೇಕಾಗಿರಲಿಲ್ಲ. ಒಂದು ಕಡೆ ಕಾಲಿಡಲು ಜಾಗವಿಲ್ಲದಂತೆ ಸಸಿ ಇರುಕಿಕೊಂಡಿದ್ದವು, ಮುಂದೆ ಹತ್ತು ಮಾರು ಬೋಳು ನೆಲ. ಸಂಶಿಯವರು ಒಂದೊಂದು ಬೋಳನ್ನೂ ಗುರುತಿಸಬಲ್ಲವರಾಗಿದ್ದರು. ಕನ್ನಡಕ ಒರೆಸಿಕೊಂಡದ್ದು ಇಲ್ಲಿ. ಬೆವರು ಒರೆಸಿದ್ದು ಅಲ್ಲಿ. ಎಲ್ಲಕ್ಕಿಂತ ಉದ್ದದ ಬೋಳು ಮೂರನೆಯ ಸುತ್ತಿನದು. ಶಬ್ದಮೂಲ ವಿವರಿಸಿದ್ದಷ್ಟೂ ದೂರ ಒಂದು ಕಾಳೂ ಬಿದ್ದಿರಲಿಲ್ಲ.

"ಎರಡೂ ಕಡೆ ಅವ ಎತ್ತು, ಅದ ಕೂರಿಗಿ. ಹೂಡಿದಾಂವ ಯಮನಪ್ಪನ," ಎಂದರು ಅಜ್ಜನವರು. "ಈ ಸಾಲು ಸಾಹೇಬ್ರು ಓದ್ಲಿ."

ಸಂಶಿಯವರ ಬಳಿ, ಅಭ್ಯಾಸವಿದ್ದರೆ ತಾನೂ ಮಾಡಬಲ್ಲೆ ಎಂಬ ವಾದವೊಂದು ಉಳಿದಿತ್ತು.

"ಇದನ್ನ ಕಲಿಯೋದಕ್ಕೆ ಎಷ್ಟು ದಿನ ಬೇಕಮ್ಮ?"

"ಮದಿವ್ಯಾಗಿ ಬಂದ ವರ್ಷದಿಂದ ಬಿಡಾಕತ್ತೀನ್ರಿ," ಎಂದಳು ಫಕ್ಕೀರವ್ವ. "ಎತ್ತು ತಿರುಗೂಮುಂದ ಇನ್ನೂ ಕೈ ತಪ್ಪತೈತಿ. ಅಲ್ಲಿ ನೋಡ್ರಿ, ಮೂಲ್ಯಾಗ ಎರಡು ಕಡೆ ಬೋಳದಾವ."

ಅವಳು ತೋರಿಸದಿದ್ದರೆ ಅದು ಯಾರಿಗೂ ಕಾಣುತ್ತಿರಲಿಲ್ಲ. ಯಮನಪ್ಪ ಆ ಮೂಲೆಯವರೆಗೆ ನಡೆದು ನೋಡಿ ಬಂದ.

"ಎರಡೂ ಕಡೆ ಕೂರಿಗಿ ಹಿಡದಾಂವ ನಾನ," ಎಂದ. "ಏನ್ ಜಗಳಾಡ್ಲಿ? ಹೊಲ ಇಬ್ಬರ ಕೈಯಾಗ ಇರ್ಲಿ ವೈನಿ."

ಪಂಚರು ಒಪ್ಪಿದರು. ಸಂಶಿಯವರು ಆರು ಪುಟಗಳ ಮೇಲೂ ಅಡ್ಡಗೆರೆ ಎಳೆದು, 'ಈ ಅರ್ಥ ತಪ್ಪು' ಎಂದು ಬರೆದು ಮತ್ತೆ ಸಹಿ ಹಾಕಿದರು. ಆಮೇಲೆ, ಅವರನ್ನು ಬಲ್ಲ ಯಾರೂ ನಂಬದಂತೆ, ಅಜ್ಜನವರ ಪಾದದತ್ತ ಬಾಗಿದರು.

ಅಜ್ಜನವರು ಅವರ ಭುಜ ಹಿಡಿದು ಮೆಲ್ಲಗೆ ಹೊಲದ ಕಡೆ ತಿರುಗಿಸಿದರು.

"ಹೆಂಗೂ ಬಗ್ಗೀರಿ. ಆ ಸಾಲಿನ್ಯಾಗ ಬಗ್ರಿ."

ಸಂಶಿಯವರು ಪ್ಯಾಂಟು ಮಡಚಿ ಇಳಿದರು. ದಟ್ಟವಿದ್ದಲ್ಲಿಂದ ಸಸಿ ಕಿತ್ತು ಬೋಳಿದ್ದಲ್ಲಿ ಊರತೊಡಗಿದರು. ಬೆನ್ನು ಹಿಡಿದುಕೊಂಡಿತು, ಉಗುರಿನಲ್ಲಿ ಎರೆ ಮಣ್ಣು ತುಂಬಿತು. ಬಿಸಿಲೇರಿದಾಗ ಫಕ್ಕೀರವ್ವ ಬಂದು ನೋಡಿ, "ಸಾಕು ಏಳ್ರಿ ಸಾಹೇಬ್ರ, ಇನ್ನೂ ಭಾಳ ಐತಿ," ಎಂದಳು.

"ಗೊತ್ತು ತಾಯಿ," ಎಂದರು ಅವರು, ತಲೆಯೆತ್ತದೆ. "ಬೆರಳು ಎಷ್ಟು ಆಳಕ್ಕೆ ಇಳಿಸಬೇಕು, ಅದನ್ನ ಹೇಳು."