ಇಲ್ಲ ಎನ್ನದ ರಾಜ

“ಗುರುಗಳೇ, ಕತೆಯಲ್ಲಿ ಜಗಳ ಇರಲೇಬೇಕೆ?” ಎಂದು ಶಿಷ್ಯ ಕೇಳಿದ.

ಅವನು ಒಂದು ಕತೆ ಬರೆದಿದ್ದ. ಅಣ್ಣ ತಮ್ಮಂದಿರಿಗೆ ಇರುವುದು ಒಂದೇ ಬಾವಿ. ನೀನೇ ಇಟ್ಟುಕೋ ಎಂದು ಅಣ್ಣ ಹೇಳುತ್ತಾನೆ. ತಮ್ಮ ಸರಿ ಎನ್ನುತ್ತಾನೆ. ಇಬ್ಬರೂ ಊಟಕ್ಕೆ ಕೂರುತ್ತಾರೆ. ಆಶ್ರಮದ ಹನ್ನೊಂದು ಜನರಿಗೆ ಇದನ್ನು ಓದಿ ಹೇಳಿದ್ದ. ಎಲ್ಲರೂ ಚೆನ್ನಾಗಿದೆ ಎಂದು ಎದ್ದು ಹೋಗಿದ್ದರು. ಒಬ್ಬರೂ ಒಂದು ಪ್ರಶ್ನೆ ಕೇಳಿರಲಿಲ್ಲ. ಅಂದಿನಿಂದ ಅವನು ಬರೆಯುವುದನ್ನೇ ಬಿಡುವ ಯೋಚನೆಯಲ್ಲಿದ್ದ.

ಗುರುಗಳು ಹೇಳಿದರು:

ಒಬ್ಬ ವರ್ತಕನಿದ್ದ. ಮಗಳನ್ನು ನೋಡಲು ಒಳ್ಳೆಯ ಮನೆತನದವರು ಬರುವವರಿದ್ದರು. ಈ ಸಂಬಂಧ ಕೈತಪ್ಪಬಾರದೆಂದು ಅವನ ಹಟ. ತನ್ನ ದೊಡ್ಡಸ್ತಿಕೆ ಅವರ ಕಣ್ಣಿಗೆ ಬೀಳಲೆಂದು ಮನೆಯಂಗಳದಲ್ಲಿ ತಾಳಮದ್ದಳೆ ಇಡಿಸಿದ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತ ಹಾಡುತ್ತಾನೆ, ಪಾತ್ರಧಾರಿಗಳು ಎದುರುಬದುರು ಕುಳಿತು ವಾದಿಸುತ್ತಾರೆ. ಪ್ರಸಂಗ ಎಲ್ಲರಿಗೂ ಗೊತ್ತಿದ್ದದ್ದೇ. ರಾಜನ ತಮ್ಮನಿಗೆ ಒಂದು ಊರು ಕೊಡು ಎಂದು ದೂತ ಕೇಳುತ್ತಾನೆ. ರಾಜ ಕೊಡುವುದಿಲ್ಲ. ಯುದ್ಧವಾಗುತ್ತದೆ.

ರಾಜನ ಪಾತ್ರ ವರ್ತಕನದು. ದೂತನ ಪಾತ್ರ ಊರಿನ ಜೋಯಿಸನದು. ಜೋಯಿಸ ಒಂದು ತಿಂಗಳಿಂದ ತಯಾರಿ ನಡೆಸಿದ್ದ. ರಾಜ ಹೇಳುವ ಒಂದೊಂದು ‘ಇಲ್ಲ’ಕ್ಕೂ ಒಂದೊಂದರಂತೆ ನಲವತ್ತು ಉತ್ತರ ಕಟ್ಟಿಟ್ಟುಕೊಂಡಿದ್ದ.

ಬೆಳಿಗ್ಗೆ ಹತ್ತಕ್ಕೆ ಶುರುವಾಯಿತು. ದೂತ ಒಂದು ಊರು ಕೇಳಿದ. ವರ್ತಕ ಮುಂದಿನ ಸಾಲಿನಲ್ಲಿ ಹುಡುಗನ ಜೊತೆ ಕುಳಿತಿದ್ದ ಅವನ ತಂದೆಯತ್ತ ನೋಡಿದ. ಅವರೆದುರಿಗೆ ಜಿಪುಣನಾಗಲು ಮನಸ್ಸು ಬರಲಿಲ್ಲ.

“ಒಂದೇ ಯಾಕೆ? ಎರಡು ತೆಗೆದುಕೊಳ್ಳಿ. ಊಟ ಮಾಡಿಕೊಂಡೇ ಹೋಗಬೇಕು” ಎಂದ.

ಭಾಗವತನ ತಾಳ ನಿಂತಿತು. ಮುಂದಿನ ಹಾಡು ರಾಜನ ಸಿಟ್ಟಿನದು. ಸಿಟ್ಟು ಎಲ್ಲಿಂದ ತರುವುದು? ಜೋಯಿಸ ಬಿಡಲಿಲ್ಲ. ಮಂತ್ರಿಗಳು ಒಪ್ಪುತ್ತಾರೆಯೇ ಎಂದ. ಒಪ್ಪಿಯಾಗಿದೆ ಎಂದ ವರ್ತಕ. ತಮ್ಮ ನಿಮ್ಮನ್ನು ತುಂಬಿದ ಸಭೆಯಲ್ಲಿ ಬೈದಿದ್ದನಲ್ಲ ಎಂದು ಜೋಯಿಸ ಕೆಣಕಿದ. ಚಿಕ್ಕವನು, ಮರೆತೆ ಎಂದ ವರ್ತಕ. ಸಂಜೆಯವರೆಗೆ ನಡೆಯಬೇಕಾದದ್ದು ಕಾಲು ಗಂಟೆಯಲ್ಲಿ ಮುಗಿಯಿತು. ಒಳಗೆ ಅನ್ನಕ್ಕೆ ಇನ್ನೂ ಎಸರಿಟ್ಟಿರಲಿಲ್ಲ. ಜನ ಮುಖ ಮುಖ ನೋಡಿಕೊಂಡು ಏಳತೊಡಗಿದರು. ಮಂಗಳ ಹಾಡಲೇ ಎಂದು ಭಾಗವತ ಮೆಲ್ಲಗೆ ಕೇಳಿದ.

ಹುಡುಗನ ತಂದೆಯೂ ಎದ್ದರು. “ಕೇಳಿದ ಕೂಡಲೇ ರಾಜ್ಯ ಕೊಟ್ಟಿರಿ. ಮಗಳನ್ನೂ ಕೇಳಿದ ಕೂಡಲೇ ಕೊಡುತ್ತೇನೆ ಎಂದಿರಿ. ಹುಡುಗಿಗೆ ಏನಾದರೂ ಐಬು ಇದೆಯೇ?” ಎಂದರು.

ವರ್ತಕ ಬಾಯಿ ತೆರೆಯುವ ಮೊದಲೇ ಬಾಗಿಲ ಹಿಂದಿನಿಂದ ಉತ್ತರ ಬಂತು.

“ಇದೆ. ನನ್ನನ್ನು ಯಾರೂ ಕೇಳಿಲ್ಲ” ಎಂದು ಮಗಳು ಅಂಗಳಕ್ಕೇ ಬಂದು ನಿಂತಳು.

ಎದ್ದವರೆಲ್ಲ ಕುಳಿತರು. ಹುಡುಗನ ತಂದೆಯೂ ಕುಳಿತರು. ನಲವತ್ತು ಉತ್ತರಗಳನ್ನು ಹಾಗೇ ಉಳಿಸಿಕೊಂಡಿದ್ದ ಜೋಯಿಸ ಅವನ್ನೇ ಅಷ್ಟಿಷ್ಟು ತಿದ್ದಿಕೊಂಡು ಹುಡುಗನ ಪರವಾಗಿ ವಾದಕ್ಕಿಳಿದ. ಮನೆತನ ದೊಡ್ಡದು ಎಂದ. ನಾನು ಮನೆತನವನ್ನು ಮದುವೆಯಾಗುತ್ತಿಲ್ಲ ಎಂದಳು. ಜಾತಕ ಕೂಡಿದೆ ಎಂದ. ಕೂಡಿಸಿದವರು ನೀವೇ ಅಲ್ಲವೇ ಎಂದಳು. ಭಾಗವತ ಸಿಟ್ಟಿನ ಹಾಡು ಎತ್ತಿಕೊಂಡ. ಅಡುಗೆಯವರು ಒಲೆ ಬಿಟ್ಟು ಬಂದರು. ಅನ್ನ ತಳ ಹಿಡಿಯಿತು, ಯಾರಿಗೂ ವಾಸನೆ ಬರಲಿಲ್ಲ. ಮೂವತ್ತೊಂಬತ್ತು ಸಲ ಹುಡುಗಿ ‘ಇಲ್ಲ’ ಎಂದಳು. ಆಗ, ಅಷ್ಟು ಹೊತ್ತೂ ತಲೆ ತಗ್ಗಿಸಿ ಕುಳಿತಿದ್ದ ಹುಡುಗ, ನಲವತ್ತನೆಯದನ್ನು ನಾನೇ ಕೇಳುತ್ತೇನೆ ಎಂದು ಎದ್ದು ನಿಂತ.

ಗುರುಗಳು ಇಷ್ಟು ಹೇಳಿ ಚಾಪೆ ಸುತ್ತತೊಡಗಿದರು.

ಶಿಷ್ಯ ಚಾಪೆಯ ತುದಿ ಹಿಡಿದುಕೊಂಡ. “ಏನು ಕೇಳಿದ? ಅವಳು ಏನೆಂದಳು? ಮದುವೆ ನಡೆಯಿತೇ?”

“ನೀನು ಬರೆದಿದ್ದರೆ ಅನ್ನಕ್ಕೆ ಎಸರಿಡುವ ಮೊದಲೇ ನಡೆದುಹೋಗುತ್ತಿತ್ತು” ಎಂದರು ಗುರುಗಳು.