ತೂಬಿನ ರಾಕ್ಷಸ ಕೇಳಿದ ಹೆಸರು

“ಕೇಳಿರಪ್ಪೋ ಕೇಳಿ! ದೊಡ್ಡಕೆರೆಯ ತೂಬಿನ ಮೇಲೆ ಕೂತ ರಾಕ್ಷಸನ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ! ತಪ್ಪು ಹೇಳಿ ಕಲ್ಲಾದರೆ ಅರಮನೆ ಹೊಣೆಯಲ್ಲ!”

ಡಂಗುರ ಕೇಳಿದ್ದೇ ದ್ಯಾವ ಕೆರೆಯತ್ತ ಓಡಿದ. ಗದ್ದೆಗೆ ನೀರು ಬಿಡಲೆಂದು ತೂಬು ಎತ್ತಲು ಹೋದ ಅವನ ಅಣ್ಣ ಮಾಳಿಗ ಆಗಲೇ ಕೆರೆ ಏರಿಯ ಮೇಲೆ ಕಲ್ಲಾಗಿ ನಿಂತಿದ್ದ. ಒಗಟು ಬಿಡಿಸಿದರೆ ಕಲ್ಲಾದವರೆಲ್ಲ ಮನುಷ್ಯರಾಗುತ್ತಾರೆಂದು ರಾಕ್ಷಸನೇ ಹೇಳಿದ್ದ. ದ್ಯಾವ ತಬ್ಬಲಿ ಹುಡುಗ, ಅಜ್ಜಿ ಸಾಕಿದವನು. ಅರ್ಧ ರಾಜ್ಯ ಕಟ್ಟಿಕೊಂಡು ಅವನಿಗೇನಾಗಬೇಕು? ಅಣ್ಣ ಬೇಕಿತ್ತು.

ಏರಿಯ ಮೇಲೆ ಅರಸನೂ ಸೇರಿ ಊರೇ ನೆರೆದಿತ್ತು. ರಾಕ್ಷಸ ಆಲದ ಮರಕ್ಕಿಂತ ಎತ್ತರ. ಉಸಿರು ಬಿಟ್ಟರೆ ಕೆರೆಯ ನೀರು ಹಿಂದಕ್ಕೆ ಸರಿಯುತ್ತಿತ್ತು. ಅವನು ಮೊದಲ ಒಗಟು ಕೇಳಿದ.

“ಹುಟ್ಟಿದವರನ್ನೆಲ್ಲ ಹೆತ್ತವಳಿಗಿಂತ ಮೊದಲು ಎತ್ತಿಕೊಂಡವಳು. ಅವರ ಮದುವೆಗೆ ಅವಳನ್ನು ಯಾರೂ ಕರೆಯಲಿಲ್ಲ. ಯಾರವಳು?”

ನೆರೆಸೀಮೆಯ ರಾಜಕುಮಾರ ಮೀಸೆ ತಿರುವುತ್ತ “ಭೂದೇವಿ!” ಎಂದ. ಮೀಸೆಯ ಮೇಲಿನ ಕೈ ಹಾಗೇ ಕಲ್ಲಾಯಿತು.

ದಳವಾಯಿ ಮಹಾ ಜಾಣ. ಎರಡನೆಯದನ್ನೇ ಮೊದಲು ಕೇಳೆಂದ.

“ಕತ್ತಲಲ್ಲಿ ಅರಸನಿಗಿಂತ ಮುಂದೆ ನಡೆಯುವವನು, ಬೆಳಗಾದರೆ ಅರಮನೆಯ ಬಾಗಿಲ ಹೊರಗೆ ನಿಲ್ಲುವವನು. ಯಾರು?”

“ಇನ್ಯಾರು, ನಾನೇ!” ಎಂದ ದಳವಾಯಿ. ಅವನೂ ಕಲ್ಲಾದ.

ದ್ಯಾವ ಬಂದು ಅಣ್ಣನ ಕಲ್ಲುಗೈ ಹಿಡಿದು ನಿಂತ. “ಮೊದಲನೆಯವಳು ನಮ್ಮಜ್ಜಿಯಂಥವಳು, ಸೂಲಗಿತ್ತಿ. ಸೂಲು ಅಂದ್ರೆ ಹೆರಿಗೆ. ಎರಡನೆಯವನು ದೀವಟಿಗೆಯವನು. ದೀವಟಿಗೆ ಅಂದ್ರೆ ಪಂಜು. ಬೆಳಗಾದ್ಮೇಲೆ ಪಂಜು ಹಿಡಿದೋನ ಮೊಕ ಯಾರು ನೋಡ್ತಾರೆ?”

ದ್ಯಾವ ಕಲ್ಲಾಗಲಿಲ್ಲ. ರಾಕ್ಷಸನ ದನಿ ತಗ್ಗಿತು.

“ಗದ್ದೆಗದ್ದೆಗೂ ನೀರು ಹಂಚಿದವನು, ಒಂದು ಗದ್ದೆಯೂ ತನ್ನದಲ್ಲದವನು. ಕಣದಲ್ಲಿ ಮೊದಲ ಮೊರದ ಭತ್ತ ಅವನ ಪಾಲು. ಈಗ ಪಾಲೂ ಇಲ್ಲ, ಹೆಸರೂ ಇಲ್ಲ. ಯಾರು?”

ದ್ಯಾವನಿಗೆ ನೆನಪಾಯಿತು: ಪ್ರತಿ ಸುಗ್ಗಿಯಲ್ಲೂ ಅಜ್ಜಿ ಒಂದು ಹಿಡಿ ಭತ್ತ ಕಾಲುವೆಗೆ ಬಿಟ್ಟು ಕೈಮುಗಿಯುತ್ತಿದ್ದಳು. “ನೀರಗಂಟಿ, ನಿನ್ನ ಪಾಲು” ಎನ್ನುತ್ತಿದ್ದಳು.

“ನೀರಗಂಟಿ!” ಎಂದ ದ್ಯಾವ. “ಯಾವುದೋ ದೇವರ ಹೆಸರು ಅಂದ್ಕೊಂಡಿದ್ದೆ. ಕೆರೆ ನೀರು ಹಂಚೋ ಮನುಷ್ಯನ ಹೆಸರಾ? ಹಂಗಾದ್ರೆ... ಅಜ್ಜಿ ಭತ್ತ ಬಿಡ್ತಿದ್ದಿದ್ದು ನಿನಗೇ ಅಲ್ವಾ ತಾತ?”

ತಾತ ಎಂಬ ಮಾತಿಗೆ ಆ ಬೃಹದಾಕಾರ ಬಿಕ್ಕಿ ಅತ್ತಿತು. ಅಳುತ್ತಳುತ್ತ ಕುಗ್ಗಿ, ಹೆಗಲ ಮೇಲೆ ಗುದ್ದಲಿ ಹೊತ್ತ ಮುದುಕನಾಯಿತು. ಊರು ಪಾಲು ನಿಲ್ಲಿಸಿದ ಮೇಲೆ ಅದೇ ತೂಬಿನ ಮೇಲೆ ಹಸಿದು ಪ್ರಾಣಬಿಟ್ಟ ಕೊನೆಯ ನೀರಗಂಟಿ ಅವನು. ಮುದುಕ ತೂಬು ಎತ್ತಿದ, ನೀರು ಭೋರ್ಗರೆಯಿತು. ಮಾಳಿಗನ ಕಲ್ಲುಗೈ ಬೆಚ್ಚಗಾಗಿ ತಮ್ಮನ ಕೈಯನ್ನು ಬಿಗಿಯಾಗಿ ಹಿಡಿಯಿತು. ರಾಜಕುಮಾರ, ದಳವಾಯಿ ಇಬ್ಬರೂ ಕಣ್ಣು ಬಿಟ್ಟರು. ಮುದುಕ ದ್ಯಾವನಿಗೆ ಗುದ್ದಲಿ ಕೊಟ್ಟು ನೀರಿನೊಳಗೆ ನಡೆದುಹೋದ. ಅರಸನಾದಿಯಾಗಿ ಎಲ್ಲರೂ ಕೈಮುಗಿದು ನಿಂತರು.

ಕೊನೆಗೆ ಅರಸ, “ಅರ್ಧ ರಾಜ್ಯ ನಿನ್ನದಪ್ಪಾ” ಎಂದ.

“ಬ್ಯಾಡಿ ಬುದ್ಧಿ. ಸ್ವಂತ ಗದ್ದೆ ಇದ್ದೋನು ತೂಬು ಮುಟ್ಟಬಾರದು. ನೀರು ಅವನ ಕಡೆಗೇ ತಿರುಗ್ತದೆ. ನನಗೆ ಈ ಗುದ್ದಲಿ ಸಾಕು.”

ಆ ಸುಗ್ಗಿಯಲ್ಲಿ ಮೊದಲ ಮೊರದ ಭತ್ತವನ್ನು ಅರಸನೇ ಹೊತ್ತು ತಂದು ದ್ಯಾವನ ಅಂಗಳದಲ್ಲಿ ಸುರಿದ. ದ್ಯಾವ ಅದರಲ್ಲೊಂದು ಹಿಡಿ ತೆಗೆದು ಕಾಲುವೆಗೆ ಬಿಟ್ಟು, “ತಾತ, ನಿನ್ನ ಪಾಲು” ಎಂದ.